ಒಂದಡಿಗೆ ಕಾಲಿಂಚು ಹೆಚ್ಚು

ಅವರು ಮೊದಲ ಸಲ ನಮ್ಮ ಮನೆಗೆ ಬಂದಾಗ ಅವರ ಕೈಯಲ್ಲಿ ಒಂದು ರವಿಕೆ ಇತ್ತು.

ಹಳೇ ಪೇಪರಿನಲ್ಲಿ ಸುತ್ತಿ, ಕಂಕುಳಲ್ಲಿ ಅದುಮಿಕೊಂಡು, ಕದ್ದ ಮಾಲು ತಂದವರ ಹಾಗೆ ದುರ್ಗಿಗುಡಿಯ ನಮ್ಮ ಜಗಲಿಯ ಕೆಳಗೆ ನಿಂತಿದ್ದರು. ಅರವತ್ತೆರಡನೇ ಇಸವಿ, ಯುಗಾದಿ ಕಳೆದು ವಾರವಾಗಿತ್ತು. ನಾನು ಜಗಲಿಯ ಮೇಲೆ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದೆ.

"ರವಿಕೆ ಹೊಲಿಯೋ ದಾಕ್ಷಾಯಣಮ್ಮನೋರ ಮನೆ ಇದೇನಾ?"

"ಇದೇ."

"ಅವ್ರನ್ನ ಸ್ವಲ್ಪ ಕರೀತೀರಾ?"

"ಕರೆದಿದ್ದೂ ಆಯ್ತು, ಅವ್ರು ಬಂದಿದ್ದೂ ಆಯ್ತು. ಏನಾಗ್ಬೇಕಿತ್ತು?"

ಅವರ ಕಿವಿ ಕೆಂಪಾಯಿತು. "ವಯಸ್ಸಾದೋರು ಅಂದ್ಕೊಂಡಿದ್ದೆ."

"ಆಗ್ತೀನಿ. ಸ್ವಲ್ಪ ಟೈಮ್ ಕೊಡಿ."

ನಗಬೇಕೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿ, ಬೇಡ ಎಂದು ತೀರ್ಮಾನಿಸಿದವರ ಹಾಗೆ ತಲೆ ತಗ್ಗಿಸಿದರು. ಆದರೆ ಕಣ್ಣು ಮೂಲೆಯಲ್ಲಿ ಆಗಲೇ ನಕ್ಕುಬಿಟ್ಟಿತ್ತು. ಇಪ್ಪತ್ತೊಂದು ವರ್ಷದ ನನಗೆ ಅಷ್ಟು ಸಾಕಿತ್ತು.

ಹೆಸರು ಕೊಟ್ರಬಸಪ್ಪ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ. ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ ಅಕ್ಕ ಈಶ್ವರಮ್ಮನ ಜೊತೆ ವಾಸ. ತಂದಿದ್ದು ಅಕ್ಕನ ಅಳತೆ ರವಿಕೆ. ಆ ಕಾಲದಲ್ಲಿ ಹೆಂಗಸರು ತಾವೇ ಬಂದು ಅಳತೆ ಕೊಡುತ್ತಿರಲಿಲ್ಲ. ಸರಿಯಾಗಿ ಕೂರುವ ಹಳೇ ರವಿಕೆಯನ್ನು ಕಳಿಸುತ್ತಿದ್ದರು, ಅದನ್ನು ಅಳೆದು ಹೊಸದು ಹೊಲಿಯುವುದು ರೂಢಿ.

"ಮೇಲೆ ಬನ್ನಿ. ಬಾಗಿಲ ಚೌಕಟ್ಟಿನಲ್ಲಿ ಒಂದು ಮೊಳೆ ಎದ್ದಿದೆ, ಅಂಗಿ ಹುಷಾರು. ಮೂರು ಜನರದ್ದು ಹರಿದಿದೆ."

ಅವರು ಆ ಮೊಳೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ನಾನು ಮರದ ಕೆಲಸದೋನು. ಮುಂದಿನ ಸಲ ಸುತ್ತಿಗೆ ತರ್ತೀನಿ. ಒಂದೇ ಏಟು."

ನಾನು ಟೇಪು ತೆಗೆದೆ. ಅದರ ಮೊದಲ ಎರಡು ಇಂಚು ಹರಿದುಹೋಗಿತ್ತು, ಹಾಗಾಗಿ ಎರಡರ ಗೀಟಿನಿಂದ ಅಳೆದು ಆಮೇಲೆ ಎರಡು ಕಳೆಯುತ್ತಿದ್ದೆ. ಅವರು ಅದನ್ನೇ ನೋಡಿದರು. ಆಮೇಲೆ ಹೊಲಿದಿಟ್ಟಿದ್ದ ಒಂದು ಕುಪ್ಪಸವನ್ನು ಎತ್ತಿಕೊಂಡು ಗುಂಡಿಯ ಕಾಜಗಳನ್ನು ಬಹಳ ಹೊತ್ತು ನೋಡಿದರು.

"ಈ ಕಾಜ ಯಾರು ಹಾಕಿದ್ದು? ಕೊನೇಲಿ ಎರಡು ಗಂಟು... ಎಲ್ಲೋ ನೋಡಿದೀನಿ."

"ಒಳಗೆ ಒಬ್ಬರು ಹಾಕ್ತಾರೆ," ಎಂದೆ. ಆಮೇಲೆ ಮಾತು ಬದಲಿಸಿದೆ.

ಒಳಗೆ ಇದ್ದವಳು ನಮ್ಮವ್ವ ಶಂಕರಮ್ಮ.

ನನಗೆ ಹದಿಮೂರು ತುಂಬಿದಾಗ ಅವ್ವನಿಗೆ ಒಂದು ಕೂಸು ಹುಟ್ಟಿ ಸತ್ತಿತು. ಅವ್ವ ಮಾತು ನಿಲ್ಲಿಸಿದಳು. ಆಮೇಲೆ ಊಟ ನಿಲ್ಲಿಸಿದಳು. ಗೋಡೆಗೆ ಮುಖ ಮಾಡಿ ಕೂತವಳು ಒಂದು ಮಧ್ಯಾಹ್ನ ಎದ್ದು ತುಂಗಾ ಹೊಳೆಯ ಕಡೆ ನಡೆದುಬಿಟ್ಟಳು. ಬಟ್ಟೆ ಒಗೆಯುವವರು ಹಿಡಿದು ತಂದರು. ಮಂತ್ರ, ತಾಯಿತ, ಹರಕೆ ಎಲ್ಲ ಆದ ಮೇಲೆ ಅಪ್ಪ ಯಾರ ಮಾತೂ ಕೇಳದೆ ಬೆಂಗಳೂರಿನ ಹುಚ್ಚರ ಆಸ್ಪತ್ರೆಗೆ ಸೇರಿಸಿದ. ಹೌದು, ಎಲ್ಲರೂ ಹಾಗೇ ಕರೆಯುತ್ತಿದ್ದರು. ಐದು ತಿಂಗಳಿಗೆ ಅವ್ವ ನಗುತ್ತಾ ವಾಪಸು ಬಂದಳು.

ಆದರೆ ಆ ನಗು ಬೀದಿಗೆ ಕಾಣಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ದೊಡ್ಡಪ್ಪ ಶಿವಮೂರ್ತಪ್ಪನವರದ್ದು. ಕೆಟ್ಟವರಲ್ಲ, ಹೆದರಿದವರು. "ಹುಡುಗಿ ಮದುವೆ ಆಗೋತನಕ ಶಂಕರಮ್ಮ ಜಗಲಿಗೆ ಬರೋದು ಬೇಡ. ಕೇಳಿದೋರಿಗೆ ಉಳವಿಗೆ ಹೋಗಿದಾಳೆ, ಮಠದಲ್ಲಿ ಸೇವೆಗೆ ಇದಾಳೆ ಅನ್ನಿ," ಎಂದಿದ್ದರು. ಹೀಗೆ ದುರ್ಗಿಗುಡಿಯಲ್ಲೇ ಚೆಂದದ ಕಾಜ ಹಾಕುವ ಕೈಗಳನ್ನು ದುರ್ಗಿಗುಡಿಯವರು ವರ್ಷಗಳಿಂದ ನೋಡಿರಲಿಲ್ಲ. ಅಷ್ಟಾದರೂ ಎರಡು ಸಂಬಂಧ ಹೇಗೋ ವಾಸನೆ ಹಿಡಿದು ತಪ್ಪಿಹೋಗಿದ್ದವು.

ಮುಂದಿನ ವಾರ ಅವರು ಬಂದರು. ಸುತ್ತಿಗೆ ತಂದಿರಲಿಲ್ಲ. ಸಾಗುವಾನಿಯ ಒಂದು ಅಡಿಕೋಲು ತಂದಿದ್ದರು. ಬೆಣ್ಣೆಯಂತೆ ನುಣ್ಣಗೆ, ಗೀಟುಗಳೆಲ್ಲ ಕೂದಲಿನಷ್ಟು ಸಣ್ಣಗೆ.

"ನಿಮ್ಮ ಟೇಪಿನ ಕಷ್ಟ ನೋಡಕ್ಕಾಗ್ಲಿಲ್ಲ."

"ಟೇಪಿನ ಕಷ್ಟವೋ, ನನ್ನ ಕಷ್ಟವೋ?"

"ಟೇಪಿಂದು," ಎಂದರು, ನನ್ನ ಮುಖವನ್ನೇ ನೋಡುತ್ತಾ.

ಆ ವಾರ ನಾನು, ಟೇಪಿನಲ್ಲಿ ಮೊದಲೇ ಬರೆದಿಟ್ಟಿದ್ದ ಅಳತೆಗೆ, ಹನ್ನೊಂದು ರವಿಕೆಗಳ ಬಟ್ಟೆಯನ್ನು ಆ ಕೋಲಿನಿಂದ ಗೀಟು ಹಾಕಿ ಕತ್ತರಿಸಿ ಹೊಲಿದೆ. ಹನ್ನೊಂದೂ ಸಡಿಲ. ಮೊದಲು ಬಂದವಳು ಉಚ್ಚಂಗಮ್ಮ, ನಮ್ಮ ಬೀದಿಯ ಸಂಬಂಧ ಕುದುರಿಸುವಾಕೆ. ಭುಜ ಜಾರಿದ ರವಿಕೆಯಲ್ಲೇ ಬಂದು ನಿಂತಳು.

"ಏನೇ ದಾಕ್ಷಾ, ನಾನು ಸೊರಗಿದೀನಾ, ನಿನ್ನ ಕಣ್ಣು ದಪ್ಪಾಗಿದಾವಾ?"

ನಾನು ಬಿಚ್ಚಿ ಹೊಲಿಯುತ್ತಾ ಕೂತಿದ್ದಾಗಲೇ ಅವರೂ ಬಂದರು, ಅಕ್ಕನ ರವಿಕೆ ಹಿಡಿದು. ಅದೂ ಸಡಿಲ. ಕೋಲನ್ನು ಕೈಗೆ ತೆಗೆದುಕೊಂಡು, ಟೇಪಿನ ಪಕ್ಕದಲ್ಲಿಟ್ಟು ನೋಡಿದವರು ಹಣೆ ಬಡಿದುಕೊಂಡರು.

"ತಪ್ಪು ನಂದೇ. ಇದು ಎರಕದ ಸ್ಕೇಲು. ಉಕ್ಕು ಕಾದಾಗ ಹಿಗ್ಗಿರುತ್ತೆ, ತಣ್ಣಗಾದ್ರೆ ಕುಗ್ಗುತ್ತೆ. ಅದಕ್ಕೆ ನಾವು ಮರದಲ್ಲಿ ಅಚ್ಚು ಮಾಡುವಾಗ ಕುಗ್ಗೋದನ್ನ ಲೆಕ್ಕ ಹಿಡಿದು ಒಂದಡಿಗೆ ಕಾಲಿಂಚು ಹೆಚ್ಚು ಬಿಡ್ತೀವಿ. ಅಭ್ಯಾಸಬಲ, ನಿಮ್ಮ ಕೋಲಿಗೂ ಅದೇ ಗೀಟು ಹಾಕ್ಬಿಟ್ಟೆ."

"ನೋಡಿ, ದುರ್ಗಿಗುಡಿ ಹೆಂಗಸ್ರು ತಣ್ಣಗಾದ್ರೆ ಕುಗ್ಗಲ್ಲ!"

ಆಗ ಅವರು ನಕ್ಕರು. ಬಾಯಿ ತೆರೆದು, ತಲೆ ಹಿಂದಕ್ಕೆ ಹಾಕಿ, ತುಂಬಾ ದಿನ ಬೀಗ ಹಾಕಿದ್ದ ಮನೆಯ ಕಿಟಕಿ ತೆಗೆದ ಹಾಗೆ. ಒಳಗಿನಿಂದ ಅವ್ವನ ಬಳೆ ಸದ್ದು ನಿಂತಿತು. ಅವಳೂ ಕೇಳಿಸಿಕೊಳ್ಳುತ್ತಿದ್ದಳು.

ಉಚ್ಚಂಗಮ್ಮ ಅವರನ್ನೂ ನನ್ನನ್ನೂ ಒಂದೊಂದು ಸಲ ನೋಡಿದಳು. ರವಿಕೆ ಸರಿಪಡಿಸುವುದನ್ನು ಮರೆತು ಸೀದಾ ದೊಡ್ಡಪ್ಪನ ಬಟ್ಟೆ ಅಂಗಡಿಗೆ ಹೋದಳು.

ಹೆಣ್ಣು ನೋಡುವುದಕ್ಕೆ ಭಾನುವಾರ ಗೊತ್ತಾಯಿತು. ಅದಕ್ಕೆ ಮೂರು ದಿನ ಮುಂಚೆ ಅವರು ಇನ್ನೊಮ್ಮೆ ಬಂದರು, ಏನೋ ನೆಪ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತರು.

"ನಿಮಗೊಂದು ಮಾತು ಹೇಳ್ಬೇಕಿತ್ತು," ಎಂದರು.

"ನನಗೂ ಒಂದು ಹೇಳೋದಿದೆ. ನಮ್ಮವ್ವ..." ಎಂದೆ.

"ಹ್ಞಾ?"

ಹೇಳಿದರೆ ಈ ಮನುಷ್ಯ ಮತ್ತೆ ಜಗಲಿ ಹತ್ತುವುದಿಲ್ಲ. ಹೇಳದೆ ಮದುವೆಯಾದರೆ ಅವ್ವ ಬದುಕಿರುವ ತನಕ ದೊಡ್ಡಪ್ಪನ ಹಿಂದಿನ ಕೋಣೆಯಲ್ಲಿ. ಮಗಳ ಮನೆಗೂ ಬರುವ ಹಾಗಿಲ್ಲ.

"ನಮ್ಮವ್ವ... ಉಳವಿಗೆ ಹೋಗಿದಾಳೆ. ನೀವೇನು ಹೇಳ್ಬೇಕಿತ್ತು?"

ಅವರು ಟೋಪಿಯ ಅಂಚು ನೋಡುತ್ತಾ, "ನಾನು... ಜಂಷೆಡ್‌ಪುರಕ್ಕೆ ಟ್ರೈನಿಂಗಿಗೆ ಹೋಗಿದ್ದೆ. ಏಳು ತಿಂಗಳು," ಎಂದರು.

"ಒಳ್ಳೇದಾಯ್ತು," ಎಂದೆ. ಅವರ ಮುಖ ಬಾಡಿದ್ದೇಕೆ ಎಂದು ಆಗ ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಅವ್ವನನ್ನು ಹೊಸಮನೆಯ ನೆಂಟರ ಮನೆಗೆ ಕಳಿಸಲು ಜಟಕಾ ಬಂತು. ಅವ್ವ ಹೊರಡಲಿಲ್ಲ. "ನನ್ನ ಮಗಳನ್ನ ನೋಡಕ್ಕೆ ಬರೋನನ್ನ ಬಾಗಿಲ ಸಂದಿಯಿಂದಾದ್ರೂ ನೋಡ್ತೀನಿ ಭಾವ. ಉಸಿರೆತ್ತಲ್ಲ," ಎಂದು ಅಡುಗೆಮನೆಯಲ್ಲಿ ಸೂಜಿದಾರ ಹಿಡಿದು ಕೂತಳು. ದೊಡ್ಡಪ್ಪ ಗೊಣಗಿ ಬಾಗಿಲು ಮುಂದೆ ಮಾಡಿದರು.

ಹತ್ತು ಗಂಟೆಯ ರೈಲಿಗೆ ಅವರು ಅಕ್ಕನ ಜೊತೆ ಬಂದಿಳಿದರು. ಉಚ್ಚಂಗಮ್ಮ ನಡುವೆ ಕೂತು ಎಲೆಅಡಿಕೆ ಹಾಕುತ್ತಿದ್ದಳು. ನಾನು ಉಪ್ಪಿಟ್ಟಿನ ತಟ್ಟೆ ಇಟ್ಟು ಕಂಬದ ಪಕ್ಕ ನಿಂತೆ.

"ಜಂಷೆಡ್‌ಪುರದಲ್ಲಿ ಚಳಿ ಹ್ಯಾಗಪ್ಪಾ?" ದೊಡ್ಡಪ್ಪ ಕೇಳಿದರು.

"ಭಾಳ ಚಳಿ," ಎಂದಳು ಈಶ್ವರಮ್ಮ.

"ಊಟಕ್ಕೆ ಏನು ಮಾಡ್ತಿದ್ರಿ?"

"ರೊಟ್ಟಿ," ಎಂದಳು ಈಶ್ವರಮ್ಮ.

"ಹುಡುಗ ಮಾತಾಡೋದಿಲ್ವಾ?"

"ಆಡ್ತಾನೆ, ಆಡ್ತಾನೆ. ನಾಚಿಕೆ. ಅಂದ್ಹಾಗೆ ಹುಡುಗಿ ತಾಯಿ ಉಳವಿಯಿಂದ ಯಾವಾಗ ಬರ್ತಾರೆ?"

ದೊಡ್ಡಪ್ಪನಿಗೆ ಕೆಮ್ಮು ಬಂತು. ಕೆಮ್ಮು ಮುಗಿಯುವಷ್ಟರಲ್ಲಿ ಈಶ್ವರಮ್ಮನ ತಮ್ಮ ಕೈ ತೊಳೆಯಲು ಎದ್ದರು. ಬಾಗಿಲು ದಾಟುವಾಗ ಪರ್ ಎಂದು ಸದ್ದಾಯಿತು. ಅದೇ ಮೊಳೆ. ಬಿಳೀ ಅಂಗಿ ಪಕ್ಕೆಯಿಂದ ಕೆಳಗಿನ ಅಂಚಿನ ತನಕ ಬಾಯಿ ಬಿಟ್ಟಿತ್ತು.

"ಅಯ್ಯೋ ಮಾರಾಯ, ಒಳ್ಳೇ ದಿನಾನೇ ಹರ್ಕೊಂಡ್ಯಾ!" ಎಂದಳು ಉಚ್ಚಂಗಮ್ಮ.

"ಅದಕ್ಕೇನು, ಐದು ನಿಮಿಷದ ಕೆಲಸ," ಎಂದರು ದೊಡ್ಡಪ್ಪ, ಮಾತು ಬದಲಾಗಿದ್ದಕ್ಕೆ ಖುಷಿಯಾಗಿ. ಹುಡುಗನ ಅಂಗಿ ಬಿಚ್ಚಿಸಿ ಒಂದು ಶಾಲು ಹೊದಿಸಿದರು. ಹರಿದ ಅಂಚನ್ನು ನೋಡಿದ ಈಶ್ವರಮ್ಮ ಅಂಗಿ ಕಸಿಯಲು ಎದ್ದಳು. "ನಾನು ಮನೇಲೇ ಹೊಲೀತೀನಿ, ಕೊಡಮ್ಮಾ!" ಅವಳ ದನಿಯಲ್ಲಿ ಇದ್ದ ಗಾಬರಿ ಒಂದು ಹರಿದ ಅಂಗಿಗೆ ಹೆಚ್ಚಾಯಿತು ಅನ್ನಿಸಿತು. ಅಷ್ಟರಲ್ಲಿ ನಾನು ಒಳಗೆ ಹೋಗಿ ಅಂಗಿಯನ್ನು ಅವ್ವನ ಮಡಿಲಿಗೆ ಹಾಕಿದ್ದೆ.

ಅವ್ವ ಅಂಚು ಮಡಿಚಿದಳು. ಕೈ ನಿಂತಿತು.

ಅಂಚಿನ ಒಳಗೆ ಕೆಂಪು ದಾರದಲ್ಲಿ ಸರಪಳಿ ಹೊಲಿಗೆಯ ಮೂರು ಅಂಕಿ. ಇನ್ನೂರ ಹದಿನಾಲ್ಕು. ನಾನು ಅಗಸರ ಗುರುತು ಅಂದುಕೊಂಡೆ. ಅವ್ವ ಬಾಲವಿದ್ದ ಆ ನಾಲ್ಕನ್ನು ಬೆರಳಿನಿಂದ ಸವರಿ ಸವರಿ ನೋಡಿದಳು. ಎದ್ದಳು. ನಾನು ಸೆರಗು ಹಿಡಿಯುವ ಮೊದಲೇ ಬಾಗಿಲು ನೂಕಿ ಎಲ್ಲರ ನಡುವೆ ಹೋಗಿ ನಿಂತಳು.

"ಏನಪ್ಪಾ," ಎಂದಳು, "ಆ ಟೈಲರ್ ತಾತ ಇನ್ನೂ ಬದುಕಿದಾನಾ? ಇವತ್ತಿಗೂ ನಾಲ್ಕಕ್ಕೆ ಬಾಲ ಹಚ್ತಾನಾ?"

ಈಶ್ವರಮ್ಮ ಕಣ್ಣು ಮುಚ್ಚಿಕೊಂಡಳು. ದೊಡ್ಡಪ್ಪ ಗೋಡೆ ಹಿಡಿದರು.

ಶಾಲು ಹೊದ್ದು ಕೂತಿದ್ದ ಅವರು ಅವ್ವನನ್ನು ನೋಡಿದರು. ಅವ್ವನ ಕೈಯ ಸೂಜಿ ನೋಡಿದರು. ಮುಖದ ಬಿಗಿ ಒಂದೊಂದೇ ಗಂಟು ಬಿಚ್ಚುತ್ತಾ ಹೋಯಿತು.

"ಇದಾನೆ ಅಮ್ಮಾ," ಎಂದರು ಮೆತ್ತಗೆ. "ಕಣ್ಣು ಕಾಣಲ್ಲ, ಆದ್ರೂ ಬಿಡಲ್ಲ. ಎರಡು ಗಂಟಿನ ಕಾಜ... ನೀವು ಅವನ ಹತ್ರ ಕಲಿತಿದ್ದಾ?"

"ಮತ್ತೆ! ಕೈಗೆ ಕೆಲಸ ಕೊಟ್ಟು ಬದುಕಿಸಿದ ಪುಣ್ಯಾತ್ಮ. ನಿನ್ನನ್ನ ಆಸ್ಪತ್ರೇಲಿ ಎಷ್ಟು ದಿನ ಇಟ್ಕೊಂಡಿದ್ರು?"

"ಏಳು ತಿಂಗಳು."

"ನನಗೆ ಐದೇ," ಎಂದಳು ಅವ್ವ, ಪರೀಕ್ಷೆಯಲ್ಲಿ ಹೆಚ್ಚು ಮಾರ್ಕು ಬಂದವಳ ಹಾಗೆ. "ಆ ಕನ್ನಡಕದ ಸಿಸ್ಟರು?"

"ಬೆಳಿಗ್ಗೆ ಬೆಳಿಗ್ಗೆ ‘ಊಟ ಆಯ್ತಾ ರಾಜಾ’ ಅಂತ ಕೇಳ್ತಿದ್ರಲ್ಲ, ತಿಂಡಿಗೆ ಮುಂಚೇನೇ?"

"ನಮಗೆ ‘ರಾಣಿ’!"

ಇಬ್ಬರೂ ಜೋರಾಗಿ ನಕ್ಕರು. ಒಂದೇ ಶಾಲೆಯಲ್ಲಿ ಓದಿದವರು ಸಂತೆಯಲ್ಲಿ ಸಿಕ್ಕ ಹಾಗೆ. ಎಂಟು ವರ್ಷದಲ್ಲಿ ಅವ್ವ ಹೊರಗಿನವರ ಎದುರು ನಕ್ಕಿದ್ದು ಅದೇ ಮೊದಲು. ನನ್ನ ಎದೆಯಲ್ಲಿ ಏನೋ ಸಡಿಲವಾಗಿ, ಕಂಬ ಹಿಡಿದುಕೊಂಡು ಅತ್ತುಬಿಟ್ಟೆ.

ಈಶ್ವರಮ್ಮನೂ ಅಳುತ್ತಿದ್ದಳು. "ಜಂಷೆಡ್‌ಪುರ, ಜಂಷೆಡ್‌ಪುರ ಅಂತ ಸುಳ್ಳು ಹೇಳಿ ಹೇಳಿ ನನಗೆ ಅಲ್ಲಿನ ಹೊಳೆ ಹೆಸರೂ ಬಾಯಿಪಾಠ ಆಗಿತ್ತಮ್ಮಾ. ಇವನು ಒಳ್ಳೇ ಹುಡುಗ. ನಿದ್ದೆ ಬಿಟ್ಟ. ಕುಲುಮೆ ತನ್ನ ಹೆಸರು ಹಿಡಿದು ಕರೀತದೆ ಅಂತಿದ್ದ. ಈಗ ಏನೂ ಇಲ್ಲ."

ದೊಡ್ಡಪ್ಪ ವ್ಯಾಪಾರಸ್ಥರು, ಬೇಗ ಚೇತರಿಸಿಕೊಂಡರು. "ಸರಿ. ನಿಮ್ಮದು ನಾವು ಹೇಳಲ್ಲ, ನಮ್ಮದು ನೀವು ಹೇಳ್ಬೇಡಿ. ಸಮಾ ಆಯ್ತು. ಉಚ್ಚಂಗಮ್ಮ, ಈ ಮಾತು..."

"ನನ್ನ ಬಾಯಿಂದ ಹೊರಗೆ ಬಿದ್ರೆ ಕೇಳಿ!" ಎಂದಳು ಉಚ್ಚಂಗಮ್ಮ.

"ಬೀಳಲಿ," ಎಂದಳು ಅವ್ವ. "ಹೇಳು ಉಚ್ಚಂಗಮ್ಮ, ಎಲ್ಲಾರ್ಗೂ ಹೇಳು. ನೀನು ಹೇಳಿದ್ರೆ ನನಗೆ ಮನೆ ಮನೆ ತಿರುಗೋದು ತಪ್ಪುತ್ತೆ. ಕಾಯಿಲೆ ಬಂದಿತ್ತು, ಆಸ್ಪತ್ರೆಗೆ ಹೋದೆ, ಗುಣ ಆಯ್ತು. ನಾನೇನು ಕಳ್ಳತನ ಮಾಡಿದ್ನಾ? ಭಾವ, ನಾನಿನ್ನು ಒಳಗೆ ಕೂರಲ್ಲ."

ಉಚ್ಚಂಗಮ್ಮ ಎಲೆಅಡಿಕೆ ಒಂದು ದವಡೆಗೆ ಒತ್ತಿಕೊಂಡಳು. "ಶಂಕರಮ್ಮ, ಇಪ್ಪತ್ತು ವರ್ಷದಿಂದ ಸಂಬಂಧ ನೋಡ್ತಿದೀನಿ. ಯಾವ ಮನೇಲಿ ಯಾರಿಗೆ ಏನಾಗಿತ್ತು ನನಗೆ ಗೊತ್ತಿಲ್ವಾ? ಈ ಊರಲ್ಲಿ ಒಬ್ಬರಿಗೂ ಹುಚ್ಚು ಹಿಡಿದಿಲ್ಲ ಕಣೇ. ಎಲ್ಲಾರೂ ಉಳವಿಗೇ ಹೋಗಿರ್ತಾರೆ!"

ದೊಡ್ಡಪ್ಪನೂ ನಕ್ಕರು, ಬೇಡವೆಂದರೂ. ಆದರೆ ನಗು ಪೂರ್ತಿಯಾಗಲಿಲ್ಲ. "ನಗೋದು ಸರಿ. ಎರಡೂ ಕಡೆ ಇದೆ ಅಂದ್ಮೇಲೆ ನಾಳೆ ಹುಟ್ಟೋ ಮಕ್ಕಳ ಗತಿ?"

"ಅದನ್ನ ಡಾಕ್ಟರಿಗೆ ಕೇಳಿದೀನಿ," ಎಂದರು ಅವರು. ಶಾಲಿನೊಳಗೆ ನೆಟ್ಟಗೆ ಕೂತಿದ್ದರು. "ಬರಲ್ಲ ಅಂತ ಬರ್ಕೊಡಕ್ಕೆ ಆಗಲ್ಲ, ಬಂದೇ ಬರುತ್ತೆ ಅಂತಾನೂ ಅಲ್ಲ ಅಂದ್ರು. ಬಂದ್ರೆ ಬಚ್ಚಿಡಬೇಡಿ, ಬೇಗ ಕರ್ಕೊಂಡು ಬನ್ನಿ ಅಂದ್ರು. ನನ್ನ ವಿಷಯಾನೂ ಅಷ್ಟೇ. ದಿನಾ ಎರಡು ಮಾತ್ರೆ ಇದೆ. ಇದನ್ನೆಲ್ಲ ಕೇಳಿ ಇವ್ರು ಒಲ್ಲೆ ಅಂದ್ರೆ ನನಗೆ ಬೇಜಾರಿಲ್ಲ." ಆಮೇಲೆ ಪ್ರಾಮಾಣಿಕವಾಗಿ, "ಬೇಜಾರಿದೆ. ಆದ್ರೆ ತಪ್ಪು ತಿಳಿಯಲ್ಲ," ಎಂದರು.

ಎಲ್ಲರೂ ನನ್ನ ಕಡೆ ತಿರುಗಿದರು. ಪ್ರೀತಿಯ ಮಾತು ಆಡಲು ನನಗೆ ಬರುತ್ತಿರಲಿಲ್ಲ. ಅವ್ವನ ಜೊತೆ ಎಂಟು ವರ್ಷ ಇದ್ದು ಕಲಿತಿದ್ದನ್ನು ಕೇಳಿದೆ.

"ಈಗ ನಿದ್ದೆ ಬರುತ್ತಾ?"

"ಬರುತ್ತೆ."

"ಬರದೇ ಇದ್ರೆ?"

"ಎರಡು ದಿನ ಸರಿಯಾಗಿ ನಿದ್ದೆ ಬರ್ಲಿಲ್ಲ ಅಂದ್ರೆ ಅಕ್ಕಂಗೆ ಹೇಳ್ಬೇಕು ಅಂತ ಡಾಕ್ಟರು ಹೇಳಿದಾರೆ."

"ಇನ್ಮೇಲೆ ಅಕ್ಕಂಗಲ್ಲ," ಎಂದೆ. "ನನಗೆ ಹೇಳ್ಬೇಕು. ಎರಡು ದಿನ ಕಾಯೋದೂ ಬೇಡ, ಮೊದಲನೇ ದಿನಾನೇ."

ಅವರು ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡರು. ಆ ಶಾಲು ದೊಡ್ಡಪ್ಪನ ಅಂಗಡಿಯದು, ಮಾರಾಟದ ಮಾಲು. ದೊಡ್ಡಪ್ಪ ನೋಡಿಯೂ ನೋಡದ ಹಾಗೆ ಅವ್ವನ ಕಡೆ ತಿರುಗಿದರು. "ಉಡಿ ತುಂಬೋ ಸಾಮಾನು ತಗೊಂಡು ಬಾ ಶಂಕರಮ್ಮ," ಎಂದರು. "ಇಲ್ಲೇ, ಜಗಲಿಗೇ."

ಮುಂದಿನ ಭಾನುವಾರ ನಾವು ಮನೆ ನೋಡಲು ಭದ್ರಾವತಿಗೆ ಹೋದೆವು. ಅವ್ವ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಹೊರಗೆ ನೋಡಿದಳು. ಈಶ್ವರಮ್ಮನ ಕ್ವಾರ್ಟರ್ಸಿನಲ್ಲಿ ಊಟ ಮುಗಿಸಿ, ದೊಡ್ಡವರು ಮಾತಿಗೆ ಕೂತಾಗ ನಾವಿಬ್ಬರೂ ಭದ್ರೆಯ ಸೇತುವೆಯ ತನಕ ನಡೆದೆವು. ಆಚೆ ಕಾರ್ಖಾನೆಯ ಚಿಮಣಿ ಹೊಗೆ ಬಿಡುತ್ತಿತ್ತು. ಆ ದಿನ ಅವ್ವ ಅರ್ಧಕ್ಕೆ ಬಿಟ್ಟು ಎದ್ದ ಮೇಲೆ ನಾನು ಹೊಲಿದುಕೊಟ್ಟ ಅಂಗಿಯನ್ನೇ ಅವರು ಹಾಕಿಕೊಂಡಿದ್ದರು.

"ಈಗ್ಲೂ ಕರೆಯುತ್ತಾ, ಕುಲುಮೆ?" ಎಂದು ಕೇಳಿದೆ.

"ಇಲ್ಲ. ಈಗ ಸೈರನ್ನು ಮಾತ್ರ. ಅದು ಎಲ್ಲಾರ್ನೂ ಕರೆಯುತ್ತೆ."

ನಾನು ನಕ್ಕೆ. ಅವರು ಕಟಕಟೆಯ ಮೇಲೆ ನನ್ನ ಕೈಯ ಪಕ್ಕದಲ್ಲಿ ಕೈ ಇಟ್ಟರು. ನಡುವೆ ಕಾಲಿಂಚು ಜಾಗ ಇದ್ದಿರಬೇಕು.

"ಅಕ್ಕ ನನ್ನ ಅಂಗಿಗಳ ಆಸ್ಪತ್ರೆ ನಂಬರೆಲ್ಲ ಬ್ಲೇಡಿನಿಂದ ಬಿಚ್ಚಿದ್ದಳು," ಎಂದರು. "ಒಂದನ್ನ ನಾನು ಪೆಟ್ಟಿಗೆ ತಳದಲ್ಲಿ ಬಚ್ಚಿಟ್ಟಿದ್ದೆ."

"ಯಾಕೆ?"

"ಎಲ್ಲಾ ಬಿಚ್ಚಿದ್ರೆ ಆ ಏಳು ತಿಂಗಳು ನಾನು ಎಲ್ಲೂ ಇರ್ಲೇ ಇಲ್ಲ ಅಂದ ಹಾಗಾಗುತ್ತಲ್ಲ."

ನನಗೆ ಒಂದು ಅನುಮಾನ ಬಂತು. "ಹೆಣ್ಣು ನೋಡೋ ದಿನ ಅದನ್ನೇ ಹಾಕ್ಕೊಂಡು ಬಂದ್ರಿ. ಮತ್ತೆ ಆ ಮೊಳೆ?"

ಅವರ ಕಿವಿ ಮೊದಲ ದಿನದ ಹಾಗೆ ಕೆಂಪಾಯಿತು. "ಮರದ ಕೆಲಸದೋನು ನಾನು. ಮೊಳೆ ಎಲ್ಲಿದೆ ಅಂತ ಮರೀತೀನಾ? ನಿಮಗೆ ತಿಳಿಸದೆ ತಾಳಿ ಕಟ್ಟೋದು ಆಗ್ತಿರ್ಲಿಲ್ಲ. ಹೊಲಿಯುವಾಗ ನೀವೇ ನಂಬರು ನೋಡಿ ಕೇಳ್ತೀರಿ ಅಂದ್ಕೊಂಡೆ. ಬಾಯಿ ಬರ್ಲಿಲ್ಲ, ಅಂಗಿ ಹರ್ಕೊಂಡೆ."

"ಬಾಯಿ ಬಂದಿದ್ರೆ ಒಂದಂಗಿ ಉಳೀತಿತ್ತು."

"ಹೊಲಿಯೋರು ಸಿಕ್ಕಿದ್ರಲ್ಲ," ಎಂದರು. ಕೈಗಳ ನಡುವಿನ ಜಾಗ ಇಲ್ಲವಾಯಿತು.

ಅಂಚು ತಿರುಗಿಸಿ ತೋರಿಸಿದೆ. ಹರಿದದ್ದನ್ನು ಹೊಲಿದಿದ್ದೆ, ನಂಬರನ್ನು ಮುಟ್ಟಿರಲಿಲ್ಲ.

ಮದುವೆಯ ರವಿಕೆಯ ಬಟ್ಟೆಯನ್ನು ನಾನು ಅವರ ಸಾಗುವಾನಿ ಕೋಲಿನಿಂದಲೇ ಅಳೆದು ಕತ್ತರಿಸಿದೆ. ಸಡಿಲವಾಗುತ್ತದೆ ಎಂದು ಗೊತ್ತಿತ್ತು. ಮುಂದೆ ಬೇಕಾಗುತ್ತದೆ ಎಂದೂ ಗೊತ್ತಿತ್ತು. ಅವ್ವ ಜಗಲಿಯ ಮೇಲೆ, ಬೀದಿಗೆ ಮುಖ ಮಾಡಿ ಕೂತು ಅದಕ್ಕೆ ಹುಕ್ಸು ಹಾಕುತ್ತಿದ್ದಳು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬಾಕೆ ಗಕ್ಕನೆ ನಿಂತಳು.

"ಅಯ್ಯೋ ಶಂಕರಮ್ಮ! ಉಳವಿಯಿಂದ ಯಾವಾಗ ಬಂದ್ರಿ?"

ಅವ್ವ ಹಲ್ಲಿನಿಂದ ದಾರ ಕಡಿದು, ಪಕ್ಕದ ಚಾಪೆಯನ್ನು ಕೈಯಿಂದ ತಟ್ಟಿದಳು.

"ಉಳವಿಗೆ ನಾನು ಹೋಗೇ ಇಲ್ಲ ಮಾರಾಯ್ತಿ. ಬಾ, ಕೂತ್ಕೋ. ಎಲ್ಲಿಗೆ ಹೋಗಿದ್ದೆ ಅಂತ ಹೇಳ್ತೀನಿ."